ಕಾಲೇಜಲ್ಲಿ ಸರ್ವರ್ ಸೈಡ್ ವೆಬ್ ಡೆವಲಪ್‌ಮೆಂಟ್ ಕಲಿಯೋದು ಹೇಗೆ? ಹಾಲಿನ ಡೈರಿ ಲೆಕ್ಕ ಇಟ್ಕೊಂಡು ಒಂದು ಪೂರ್ತಿ ಗೈಡ್

ಬಿಸಿಎ ಇರ್ಲಿ ಬಿಇ ಇರ್ಲಿ, ವೆಬ್ ಪ್ರೋಗ್ರಾಮಿಂಗ್ ಪೇಪರ್ ಅಂದ್ರೆ ನಮ್ ಕಡೆ ನಡೆಯೋದು ಒಂದೇ ರೀತಿ. ಲ್ಯಾಬ್ ಮ್ಯಾನ್ಯುಯಲ್‌ನಲ್ಲಿರೋ ಪ್ರೋಗ್ರಾಂಗಳನ್ನ ರೆಕಾರ್ಡ್ ಬುಕ್‌ಗೆ ಬರ್ಕೊಂಡು, ಪರೀಕ್ಷೆ ಹಿಂದಿನ್ ರಾತ್ರಿ ಬಾಯಿಪಾಠ ಮಾಡಿ, ಬೆಳಿಗ್ಗೆ ಹೋಗಿ ಟೈಪ್ ಮಾಡಿ, ಔಟ್‌ಪುಟ್ ಬಂತು ಅಂದ್ರೆ ಸಬ್ಜೆಕ್ಟ್ ಮುಗೀತು. ಮಾರ್ಕ್ಸ್ ಬರತ್ತೆ, ಅದ್ರಲ್ಲಿ ಡೌಟಿಲ್ಲ. ಆದ್ರೆ ಇಂಟರ್ವ್ಯೂನಲ್ಲಿ "ಸಬ್ಮಿಟ್ ಬಟನ್ ಒತ್ತಿದ್ಮೇಲೆ ಏನೇನಾಗತ್ತೆ ಹೇಳಿ" ಅಂತ ಕೇಳಿದ್ರೆ ಗಂಟಲು ಒಣಗತ್ತೆ.

ಸರ್ವರ್ ಸೈಡ್ ಕಲಿಯೋದಂದ್ರೆ ನನ್ ಪ್ರಕಾರ ಇಷ್ಟೇ: ಒಂದು ರಿಕ್ವೆಸ್ಟ್ ಬ್ರೌಸರ್‌ನಿಂದ ಹೊರಟು ಡೇಟಾಬೇಸ್ ಮುಟ್ಟಿ ವಾಪಸ್ ಬರೋವರ್ಗೂ ಅದರ ಹಿಂದೇನೇ ಹೋಗೋಕೆ ಬರ್ಬೇಕು, ಮತ್ತೆ ಬ್ರೌಸರ್‌ನಿಂದ ಬಂದಿದ್ದನ್ನ ಯಾವ್ದನ್ನೂ ನಂಬ್ಬಾರ್ದು. ಈ ಎರಡು ಕೈಗೆ ಹತ್ತಿದ್ರೆ ಭಾಷೆ ಯಾವ್ದಾದ್ರೂ ಆಗ್ಲಿ.

ಯಾವ ಭಾಷೆ ಅಂತ ತಲೆ ಕೆಡಿಸ್ಕೋಬೇಡಿ

ನಿಮ್ ಸಿಲಬಸ್‌ನಲ್ಲಿ ಏನಿದ್ಯೋ ಅದೇ ತಗೊಳಿ. ಪಿಎಚ್‌ಪಿ ಇದ್ರೆ ಪಿಎಚ್‌ಪಿ, ಜಾಂಗೋ (ಪೈಥಾನ್‌ನ ಫ್ರೇಮ್‌ವರ್ಕ್, ಅಂದ್ರೆ ರೆಡಿಮೇಡ್ ಚೌಕಟ್ಟು) ಇದ್ರೆ ಜಾಂಗೋ, ನೋಡ್ (ಸರ್ವರ್‌ನಲ್ಲಿ ಓಡೋ ಜಾವಾಸ್ಕ್ರಿಪ್ಟ್) ಇದ್ರೆ ನೋಡ್. ಇಲ್ಲಿ ನಾನು ಪಿಎಚ್‌ಪಿ ಮತ್ತೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇಟ್ಕೊಂಡು ಹೇಳ್ತೀನಿ, ಯಾಕಂದ್ರೆ ಎಷ್ಟೋ ಕಾಲೇಜ್ ಲ್ಯಾಬ್‌ಗಳಲ್ಲಿ ಇರೋದು ಇದೇ. "ಪಿಎಚ್‌ಪಿ ಸತ್ತೋಯ್ತು ಗುರು" ಅಂತ ಕ್ಲಾಸಲ್ಲಿ ಒಬ್ಬ ಇದ್ದೇ ಇರ್ತಾನೆ, ರಾಸ್ಮಸ್ ಲೆರ್ಡೋರ್ಫ್ 1995ರಲ್ಲಿ ಹೊರಗೆ ಬಿಟ್ಟ ಈ ಭಾಷೆ ಮೇಲೇನೇ ವೆಬ್‌ಸೈಟ್ ಮಾಡೋ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಇವತ್ತಿಗೂ ಓಡ್ತಾ ಇದೆ ಅಂತ ಅವ್ನಿಗೆ ಹೇಳಿ ಮುಂದಕ್ಕೆ ಹೋಗಿ. ಇನ್ನೊಂದು ಲಾಭ ಏನಂದ್ರೆ ಫ್ರೇಮ್‌ವರ್ಕ್ ಇಲ್ದೆ ಬರೆಯೋ ಪಿಎಚ್‌ಪಿನಲ್ಲಿ ರಿಕ್ವೆಸ್ಟ್, ರೆಸ್ಪಾನ್ಸ್ ಎಲ್ಲಾ ಕಣ್ಣಿಗೆ ಕಾಣೋ ಹಾಗೇ ಇರತ್ತೆ, ಯಾವ್ದೂ ಮುಚ್ಚಿಟ್ಟಿರಲ್ಲ.

ಹೆಜ್ಜೆ 1: ಮೊದ್ಲು ಸರ್ವರ್ ಓಡಿಸಿ

ಎಕ್ಸಾಂಪ್ ಹಾಕ್ಕೊಳಿ. ಅದ್ರಲ್ಲಿ ಅಪಾಚಿ (ವೆಬ್ ಸರ್ವರ್), ಮರಿಯಾಡಿಬಿ (ಮೈಎಸ್‌ಕ್ಯೂಎಲ್‌ನಿಂದ್ಲೇ ಹುಟ್ಟಿದ ಡೇಟಾಬೇಸ್), ಪಿಎಚ್‌ಪಿ ಮೂರೂ ಒಟ್ಟಿಗೆ ಬರತ್ತೆ. ಕಂಟ್ರೋಲ್ ಪ್ಯಾನೆಲ್ ತೆಗೆದು ಅಪಾಚಿ ಸ್ಟಾರ್ಟ್ ಒತ್ತಿದ್ರೆ ಹಸಿರು ಆಗಿ ತಕ್ಷಣ ಆಫ್ ಆಯ್ತು ಅಂದ್ರೆ 80ನೇ ಪೋರ್ಟ್ (ರಿಕ್ವೆಸ್ಟ್ ಒಳಗೆ ಬರೋ ಬಾಗಿಲಿನ ನಂಬರ್) ಬೇರೆ ಯಾವ್ದೋ ಪ್ರೋಗ್ರಾಂ ಹಿಡ್ಕೊಂಡಿರ್ಬಹುದು, ವಿಂಡೋಸ್‌ನಲ್ಲಿ ಹೆಚ್ಚಾಗಿ ಅದು ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್ ಆಗಿರತ್ತೆ. ಅಪಾಚಿಯ ಕಾನ್ಫಿಗ್ ಫೈಲಲ್ಲಿ ಲಿಸನ್ 80 ಅಂತ ಇರೋದನ್ನ 8080 ಮಾಡಿ, ಆಮೇಲೆ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಆದ್ಮೇಲೆ ಕೋಲನ್ ಹಾಕಿ 8080 ಅಂತ ಹೊಡೀರಿ. ಡೇಟಾಬೇಸ್ ಇರೋದು 3306ರಲ್ಲಿ, ಅದು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಮುಂಚೆ ಯಾವತ್ತೋ ಬೇರೆಯಾಗಿ ಹಾಕಿದ್ದ ಮೈಎಸ್‌ಕ್ಯೂಎಲ್ ಆ ಪೋರ್ಟ್ ಹಿಡ್ಕೊಂಡಿದ್ಯಾ ನೋಡಿ.

ಫೈಲ್‌ಗಳನ್ನ ಎಚ್‌ಟಿಡಾಕ್ಸ್ ಫೋಲ್ಡರ್ ಒಳಗೆ ಇಡ್ಬೇಕು. ಲ್ಯಾಬಲ್ಲಿ ಪ್ರತಿ ಬ್ಯಾಚಲ್ಲೂ ನಡೆಯೋದು ಇದು: ಡೆಸ್ಕ್‌ಟಾಪ್‌ನಲ್ಲಿರೋ ಪಿಎಚ್‌ಪಿ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ, ಬ್ರೌಸರ್‌ನಲ್ಲಿ ಏನೂ ಬರ್ಲಿಲ್ಲ ಸಾರ್ ಅಂತ ಕೂಗೋದು. ಅಡ್ರೆಸ್ ಬಾರ್ ನೋಡಿ. ಅಲ್ಲಿ ಫೈಲ್ ಅಂತ ಶುರುವಾಗಿದ್ರೆ ಬ್ರೌಸರ್ ಆ ಫೈಲನ್ನ ಡಿಸ್ಕಿಂದ ನೇರ ಓದ್ತಾ ಇದೆ, ಸರ್ವರ್ ಮಧ್ಯೆ ಬಂದೇ ಇಲ್ಲ, ಬ್ರೌಸರ್‌ಗೆ ಪಿಎಚ್‌ಪಿ ಅಂದ್ರೆ ಏನು ಅಂತಾನೇ ಗೊತ್ತಿಲ್ಲ. ಲೋಕಲ್‌ಹೋಸ್ಟ್ ಅಂತ ಶುರುವಾಗಿದ್ರೆ ಮಾತ್ರ ಅಪಾಚಿ ಅದನ್ನ ಪಿಎಚ್‌ಪಿ ಕೈಗೆ ಕೊಟ್ಟು, ಅದು ಓಡಿ ಉಗುಳಿದ ಎಚ್‌ಟಿಎಂಎಲ್‌ನ ವಾಪಸ್ ಕಳ್ಸತ್ತೆ. ಪೇಜ್ ಬಂದ್ಮೇಲೆ ರೈಟ್ ಕ್ಲಿಕ್ ಮಾಡಿ ವ್ಯೂ ಸೋರ್ಸ್ ನೋಡಿ, ನೀವು ಬರೆದ ಪಿಎಚ್‌ಪಿ ಒಂದು ಸಾಲೂ ಅಲ್ಲಿರಲ್ಲ. ಸರ್ವರ್ ಸೈಡ್ ಅನ್ನೋದು ಅಲ್ಲೇ ಅರ್ಥ ಆಗ್ಬೇಕು, ಆಗ್ಲಿಲ್ಲ ಅಂದ್ರೆ ಮುಂದಿನ್ ಹೆಜ್ಜೆಗೆ ಹೋಗ್ಬೇಡಿ.

ಹೆಜ್ಜೆ 2: ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆಗೀರಿ

ಒಂದು ಚಿಕ್ಕ ಫಾರ್ಮ್ ಮಾಡಿ, ಒಂದೇ ಒಂದು ಟೆಕ್ಸ್ಟ್ ಬಾಕ್ಸ್ ಸಾಕು. ಮೊದಲು ಮೆಥಡ್ ಗೆಟ್ ಇಟ್ಟು ಸಬ್ಮಿಟ್ ಮಾಡಿ, ನೀವು ಬರೆದಿದ್ದು ಅಡ್ರೆಸ್ ಬಾರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಆದ್ಮೇಲೆ ಬಂದು ಕೂತಿರತ್ತೆ. ಆಮೇಲೆ ಪೋಸ್ಟ್ ಮಾಡಿ ನೋಡಿ, ಅಡ್ರೆಸ್ ಬಾರ್‌ನಲ್ಲಿ ಇಲ್ಲ, ಆದ್ರೆ ನೆಟ್‌ವರ್ಕ್ ಟ್ಯಾಬಲ್ಲಿ ಪೇಲೋಡ್ ತೆಗೆದ್ರೆ ಅಲ್ಲಿದೆ. ಪೋಸ್ಟ್ ಅಂದ್ರೆ ಸೇಫು, ಗೆಟ್ ಅಂದ್ರೆ ಅಲ್ಲ ಅಂತ ನೋಟ್ಸಲ್ಲಿ ಬರೆಸಿರ್ತಾರಲ್ಲ, ಅದು ಅರ್ಧ ಸತ್ಯ. ಪೋಸ್ಟ್ ಕೂಡ ಬರಿ ಎಚ್‌ಟಿಟಿಪಿನಲ್ಲಿ ಹೋದ್ರೆ ದಾರೀಲಿರೋರು ಓದ್ಬಹುದು, ಅದನ್ನ ಮುಚ್ಚೋದು ಎಚ್‌ಟಿಟಿಪಿಎಸ್. ಗೆಟ್ ಇರೋದು ಕೇಳೋಕೆ, ಪೋಸ್ಟ್ ಇರೋದು ಬದಲಾಯ್ಸೋಕೆ. ಡಿಲೀಟ್ ಲಿಂಕನ್ನ ಗೆಟ್‌ನಲ್ಲಿ ಇಟ್ರೆ ಗೂಗಲ್ ಕ್ರಾಲರ್ ಥರದ್ದು ಯಾವ್ದೋ ಬಾಟ್ ಬಂದು ಎಲ್ಲಾ ಲಿಂಕೂ ಮುಟ್ಕೊಂಡ್ ಹೋದ್ರೆ ನಿಮ್ ಟೇಬಲ್ ಖಾಲಿ.

ಸ್ಟೇಟಸ್ ಕೋಡ್ ಕಾಲಮ್ ಕೂಡ ನೋಡ್ತಾ ಇರಿ. 200 ಅಂದ್ರೆ ಸರಿ ಹೋಯ್ತು, 302 ಅಂದ್ರೆ ಬೇರೆ ಕಡೆ ಕಳಿಸ್ತು, 403 ಅಂದ್ರೆ ಒಳಗೆ ಬಿಡಲ್ಲ, 404 ಅಂದ್ರೆ ಸಿಗ್ಲಿಲ್ಲ, 500 ಅಂದ್ರೆ ನಿಮ್ ಕೋಡ್ ಮುಗ್ಗರಿಸ್ತು. ಇವನ್ನ ಬಾಯಿಪಾಠ ಮಾಡೋ ಬದಲು ಬೇಕು ಅಂತಾನೇ ಒಂದೊಂದನ್ನೂ ಬರ್ಸಿ ನೋಡಿ.

ಹೆಜ್ಜೆ 3: ಪ್ರಾಜೆಕ್ಟ್ ಆರಿಸ್ಕೊಳೋದು

ದಯವಿಟ್ಟು ಸ್ಟೂಡೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬೇಡ. ಎಕ್ಸ್‌ಟರ್ನಲ್ ಎಕ್ಸಾಮಿನರ್‌ಗೆ ಅದನ್ನ ನೋಡಿ ನೋಡಿ ಸಾಕಾಗಿರತ್ತೆ, ನಿಮಗೂ ಅದ್ರಲ್ಲಿ ಯೋಚ್ನೆ ಮಾಡೋಕೆ ಏನೂ ಸಿಗಲ್ಲ. ನಿಮಗೆ ಗೊತ್ತಿರೋ ಒಂದು ಲೆಕ್ಕದ ಪುಸ್ತಕ ಹುಡುಕಿ. ಊರಲ್ಲಿ ಹಾಲಿನ ಡೈರಿ ಇದ್ರೆ ಅದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಇಲ್ಲ ಅಂತೀನಿ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಹಾಲು ಹಾಕ್ತಾರೆ, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಉಳಿದ ಘನಾಂಶ) ಎಷ್ಟು, ಅದಕ್ಕೆ ರೇಟ್ ಎಷ್ಟು, ಕೊನೆಗೆ ಬಿಲ್. ನೋಡೋಕೆ ಸಣ್ಣದು, ಆದ್ರೆ ಡೇಟಾಬೇಸ್‌ನ ಮುಖ್ಯ ಪಾಠಗಳೆಲ್ಲಾ ಇದ್ರೊಳಗೆ ಬರತ್ತೆ.

ಕಂಪ್ಯೂಟರ್ ಮುಟ್ಟೋಕೆ ಮುಂಚೆ ಹಾಳೆ ಮೇಲೆ ಟೇಬಲ್ ಬರೀರಿ. ಒಂದು ಸದಸ್ಯರ ಟೇಬಲ್: ನಂಬರ್, ಹೆಸರು, ಫೋನ್. ಇನ್ನೊಂದು ಹಾಲಿನ ಟೇಬಲ್: ಯಾವ ಸದಸ್ಯ, ತಾರೀಖು, ಬೆಳಿಗ್ಗೆನೋ ಸಂಜೆನೋ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ರೇಟ್. ಮೂರನೇದು ಲಾಗಿನ್ ಆಗೋರ ಟೇಬಲ್, ಡೈರಿ ಸೆಕ್ರೆಟರಿಗೆ ಒಂದು, ಸದಸ್ಯರಿಗೆ ಅವರವರದ್ದು.

ಇಲ್ಲಿ ಒಂದ್ ಪ್ರಶ್ನೆ ಬರತ್ತೆ. ರೇಟ್ ಬೇರೆ ಟೇಬಲ್‌ನಲ್ಲಿ ಇದ್ರೆ ಸಾಕಲ್ವಾ, ಪ್ರತಿ ಸಾಲಲ್ಲೂ ಯಾಕೆ? ಡಿಬಿಎಂಎಸ್ ಕ್ಲಾಸಲ್ಲಿ ಒಂದೇ ವಿಷ್ಯ ಎರಡು ಕಡೆ ಇಡ್ಬೇಡಿ ಅಂತ ಹೇಳಿರ್ತಾರೆ, ನಿಜ. ಆದ್ರೆ ಮುಂದಿನ್ ತಿಂಗಳು ರೇಟ್ ಜಾಸ್ತಿ ಆಯ್ತು ಅಂದ್ಕೊಳಿ, ರೇಟ್ ಚಾರ್ಟ್ ಬದಲಾಯ್ಸಿದ ಕೂಡ್ಲೆ ಹಳೇ ಬಿಲ್‌ಗಳೆಲ್ಲಾ ತಾನಾಗೇ ಬದಲಾಗಿ ಹೋಗತ್ತೆ, ದುಡ್ಡು ಕೊಟ್ಟಾಗಿದೆ ಆದ್ರೆ ಲೆಕ್ಕ ತಾಳೆ ಆಗಲ್ಲ. ಅವತ್ತಿನ ರೇಟ್ ಅವತ್ತಿನ ವಹಿವಾಟಿನ ಜೊತೆಗೇ ಇರ್ಬೇಕು. ಇದನ್ನ ವೈವಾದಲ್ಲಿ ನೀವಾಗೇ ಹೇಳಿದ್ರೆ ಎದುರಿಗೆ ಕೂತೋರು ತಲೆ ಎತ್ತಿ ನೋಡ್ತಾರೆ.

ಸದಸ್ಯ, ತಾರೀಖು, ಹೊತ್ತು ಈ ಮೂರಕ್ಕೂ ಸೇರ್ಸಿ ಒಂದು ಯೂನಿಕ್ ಕೀ ಹಾಕಿ. ಒಬ್ಬರ ಹೆಸರಲ್ಲಿ ಒಂದೇ ಬೆಳಿಗ್ಗೆ ಎರಡ್ಸಲ ಎಂಟ್ರಿ ಆಗೋದನ್ನ ಡೇಟಾಬೇಸೇ ತಡೀಬೇಕು, ನಿಮ್ ಕೋಡ್ ಮರ್ತ್ರೂ ಅದು ಮರೆಯಲ್ಲ.

ಲೀಟರ್, ರೇಟ್ ಎರಡಕ್ಕೂ ಡೆಸಿಮಲ್ ಟೈಪ್ ಇಡಿ, ಫ್ಲೋಟ್ ಬೇಡ. ಯಾಕೆ ಅಂತ ನೋಡ್ಬೇಕಾ? ಪಿಎಚ್‌ಪಿನಲ್ಲಿ 0.1 + 0.2 ನ ಎಕೋ ಮಾಡಿ, 0.3 ಅಂತ ಚೆನ್ನಾಗೇ ತೋರ್ಸತ್ತೆ. ಅದನ್ನೇ ವಾರ್_ಡಂಪ್ ಮಾಡಿ, 0.30000000000000004 ಅಂತ ಬರತ್ತೆ. 0.1 + 0.2 == 0.3 ಅಂತ ಹೋಲಿಸಿ ನೋಡಿದ್ರೆ ಎರಡೂ ಸಮಾನ ಅಲ್ಲ ಅಂತಾನೂ ಹೇಳತ್ತೆ. ದುಡ್ಡಿನ ಲೆಕ್ಕದಲ್ಲಿ ಈ ಬಾಲ ಇಟ್ಕೊಂಡ್ರೆ ತಿಂಗಳ ಕೊನೆಗೆ ಪೈಸೆ ಲೆಕ್ಕದಲ್ಲಿ ಜಗಳ.

ಹೆಜ್ಜೆ 4: ಫಾರ್ಮ್‌ನಿಂದ ಡೇಟಾಬೇಸ್‌ಗೆ

ಇದೇ ಈ ಕೋರ್ಸ್‌ನ ಹೊಟ್ಟೆ, ಇಲ್ಲಿ ಟೈಮ್ ಕೊಡಿ.

ಲೀಟರ್ ಬಾಕ್ಸ್‌ಗೆ ಎಚ್‌ಟಿಎಂಎಲ್‌ನಲ್ಲಿ ರಿಕ್ವೈರ್ಡ್, ಮಿನಿಮಮ್ ಎಲ್ಲಾ ಹಾಕಿದೀರ, ಜಾವಾಸ್ಕ್ರಿಪ್ಟ್‌ನಲ್ಲೂ ಚೆಕ್ ಮಾಡಿದೀರ, ಚೆನ್ನಾಗಿದೆ. ಈಗ ಎಫ್12 ಒತ್ತಿ ಆ ರಿಕ್ವೈರ್ಡ್ ಅನ್ನೋ ಪದ, ಮಿನಿಮಮ್ ಎರಡನ್ನೂ ಅಳಿಸಿ, ಲೀಟರ್ ಜಾಗದಲ್ಲಿ ಮೈನಸ್ 5 ಅಂತ ಬರ್ದು, ಜಾವಾಸ್ಕ್ರಿಪ್ಟ್ ಆಫ್ ಮಾಡಿ ಸಬ್ಮಿಟ್ ಒತ್ತಿ. ಸರ್ವರ್‌ನಲ್ಲಿ ನೀವು ಚೆಕ್ ಇಟ್ಟಿಲ್ಲ ಅಂದ್ರೆ ಡೈರಿಯೇ ರೈತನಿಗೆ ಐದ್ ಲೀಟರ್ ಹಾಲು ಕೊಟ್ಟಿರೋ ಹಾಗೆ ಎಂಟ್ರಿ ಆಗಿರತ್ತೆ. ಬ್ರೌಸರ್‌ನಲ್ಲಿ ಮಾಡೋ ಚೆಕ್ ಬಳಸೋರ ಅನುಕೂಲಕ್ಕೆ, ಸರ್ವರ್‌ನಲ್ಲಿ ಮಾಡೋ ಚೆಕ್ ನಿಮ್ ಡೇಟಾ ಉಳಿಸ್ಕೊಳೋಕೆ. ಎರಡೂ ಬೇಕು, ಆದ್ರೆ ಒಂದೇ ಇರತ್ತೆ ಅಂದ್ರೆ ಅದು ಸರ್ವರ್‌ದೇ ಇರ್ಬೇಕು.

ಇನ್ನು ಡೇಟಾಬೇಸ್ ಜೊತೆ ಮಾತಾಡೋದು. ನಿಮ್ ಸೀನಿಯರ್ ಕೊಟ್ಟ ಝೆರಾಕ್ಸ್ ನೋಟ್ಸ್‌ನಲ್ಲಿ ಮೈಎಸ್‌ಕ್ಯೂಎಲ್_ಕನೆಕ್ಟ್, ಮೈಎಸ್‌ಕ್ಯೂಎಲ್_ಕ್ವೆರಿ ಅಂತ ಇದ್ರೆ ಆ ಪೇಜ್ ಹರಿದ್ ಬಿಸಾಕಿ. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಿಂದ ಅವನ್ನ ತೆಗೆದೇ ಹಾಕಿದಾರೆ, ಈಗಿನ್ ಎಕ್ಸಾಂಪ್‌ನಲ್ಲಿ ಓಡಲ್ಲ. ಪಿಡಿಓ (ಪಿಎಚ್‌ಪಿಯಿಂದ ಡೇಟಾಬೇಸ್ ಜೊತೆ ಮಾತಾಡೋ ಈಗಿನ ವಿಧಾನ) ಕಲೀರಿ, ಇಲ್ಲಾಂದ್ರೆ ಐ ಸೇರಿರೋ ಮೈಎಸ್‌ಕ್ಯೂಎಲ್‌ಐ. ನಾನು ಹೇಳೋದು ಪಿಡಿಓನೇ.

ಮೊದಲು ತಪ್ಪು ದಾರಿ ನೋಡಿ, ಸರಿ ದಾರಿ ಯಾಕೆ ಅಂತ ಆಗ್ಲೇ ಹೊಳೆಯೋದು. ಒಂದು ಪರೀಕ್ಷೆ ಲಾಗಿನ್ ಪೇಜ್ ಮಾಡಿ, ಯೂಸರ್‌ನೇಮ್‌ನ ಡಾಟ್ ಹಾಕಿ ಕ್ವೆರಿಗೆ (ಡೇಟಾಬೇಸ್‌ಗೆ ಕೊಡೋ ಆಜ್ಞೆಗೆ) ನೇರ ಅಂಟ್ಸಿ. ಈಗ ಯೂಸರ್‌ನೇಮ್ ಬಾಕ್ಸಲ್ಲಿ ಒಂದು ಸಿಂಗಲ್ ಕೋಟ್, ಒಂದು ಸ್ಪೇಸ್, ಆರ್ ಅನ್ನೋ ಇಂಗ್ಲಿಷ್ ಪದ, ಆಮೇಲೆ 1=1, ಕೊನೆಗೆ ಎರಡು ಹೈಫನ್ ಮತ್ತೆ ಒಂದು ಸ್ಪೇಸ್ ಹೊಡೀರಿ (ಆ ಕೊನೇ ಸ್ಪೇಸ್ ಬಿಟ್ರೆ ಮೈಎಸ್‌ಕ್ಯೂಎಲ್ ಅದನ್ನ ಕಾಮೆಂಟ್ ಅಂತ ಒಪ್ಕೊಳಲ್ಲ). ಪಾಸ್‌ವರ್ಡ್ ಚೆಕ್ ಮಾಡೋ ಭಾಗ ಕಾಮೆಂಟ್ ಒಳಗೆ ಹೋಯ್ತು, ಷರತ್ತು ಯಾವಾಗ್ಲೂ ನಿಜ, ಬಾಗಿಲು ತೆಗೀತು. ಕ್ವೆರಿ ಓಡೋಕೆ ಮುಂಚೆ ಅದನ್ನ ಎಕೋ ಮಾಡಿ ಕಣ್ಣಾರೆ ಓದಿ. ಇದನ್ನ ನಿಮ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಮಾಡಿ, ಕಾಲೇಜ್ ಪೋರ್ಟಲ್ ಮೇಲೆ ಪ್ರಯೋಗ ಮಾಡಿದ್ರೆ ಅದು ಐಟಿ ಆಕ್ಟ್ ಕೇಸು, ತಮಾಷೆ ಅಲ್ಲ.

ಸರಿ ದಾರಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಕ್ವೆರಿಯಲ್ಲಿ ವ್ಯಾಲ್ಯೂ ಬರೋ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಪ್ರಿಪೇರ್ ಮಾಡೋದು, ವ್ಯಾಲ್ಯೂಗಳನ್ನ ಎಕ್ಸಿಕ್ಯೂಟ್‌ಗೆ ಬೇರೆಯಾಗಿ ಕೊಡೋದು. ಆಗ ಆ ಸಿಂಗಲ್ ಕೋಟ್ ಬರೀ ಒಂದು ಅಕ್ಷರ, ಆಜ್ಞೆ ಆಗಲ್ಲ. ಎರಡ್ ಸಾಲು ಜಾಸ್ತಿ ಅಷ್ಟೆ.

ಎಂಟ್ರಿ ಆದ್ಮೇಲೆ ಅದೇ ಪೇಜಲ್ಲಿ "ಸೇವ್ ಆಯ್ತು" ಅಂತ ತೋರ್ಸಿ ಸುಮ್ನೆ ಕೂರ್ಬೇಡಿ. ಸೆಕ್ರೆಟರಿ ಎಫ್5 ಒತ್ತಿದ್ರೆ ಬ್ರೌಸರ್ ಅದೇ ಪೋಸ್ಟನ್ನ ಮತ್ತೆ ಕಳ್ಸತ್ತೆ, ಯೂನಿಕ್ ಕೀ ಇಲ್ದಿದ್ರೆ ಇನ್ನೊಂದ್ ಎಂಟ್ರಿ, ಇದ್ರೆ ಎರರ್. ಸೇವ್ ಆದ ಕೂಡ್ಲೆ ಹೆಡರ್ ಲೊಕೇಶನ್ ಕೊಟ್ಟು ಪಟ್ಟಿ ಪೇಜ್‌ಗೆ ಕಳ್ಸಿ, ಆ ಸಾಲಿನ ಕೆಳಗೆ ಎಕ್ಸಿಟ್ ಬರಿಯೋದು ಮರೀಬೇಡಿ, ಇಲ್ಲಾಂದ್ರೆ ಕೆಳಗಿರೋ ಕೋಡೂ ಓಡತ್ತೆ. ನೆಟ್‌ವರ್ಕ್ ಟ್ಯಾಬಲ್ಲಿ ಈಗ ಪೋಸ್ಟ್, 302, ಗೆಟ್, 200 ಅಂತ ಸಾಲಾಗಿ ಕಾಣತ್ತೆ.

ಹೆಜ್ಜೆ 5: ಲಾಗಿನ್ ಮತ್ತು ಸೆಷನ್

ಎಚ್‌ಟಿಟಿಪಿಗೆ ನೆನಪಿನ ಶಕ್ತಿ ಇಲ್ಲ, ಪ್ರತಿ ರಿಕ್ವೆಸ್ಟೂ ಅದಕ್ಕೆ ಹೊಸಬರೇ. ಹಂಗಾದ್ರೆ ಲಾಗಿನ್ ಆದೋರು ಯಾರು ಅಂತ ಎರಡನೇ ಪೇಜ್‌ಗೆ ಹೇಗ್ ಗೊತ್ತಾಗತ್ತೆ? ಮದುವೆ ಮನೆ ಮುಂದೆ ಚಪ್ಪಲಿ ಬಿಟ್ಟಾಗ ಕೊಡೋ ಟೋಕನ್ ಥರ, ಸರ್ವರ್ ಒಂದು ಉದ್ದದ ನಂಬರ್ ಕೊಟ್ಟು ಕಳ್ಸತ್ತೆ, ಸಾಮಾನು ಮಾತ್ರ ಸರ್ವರ್ ಹತ್ರಾನೇ ಇರತ್ತೆ. ಎಫ್12ನಲ್ಲಿ ಕುಕೀಸ್ ತೆಗೆದ್ರೆ ಪಿಎಚ್‌ಪಿಸೆಸ್‌ಐಡಿ ಅನ್ನೋ ಹೆಸರಲ್ಲಿ ಆ ನಂಬರ್ ಕಾಣತ್ತೆ. ಅದನ್ನ ಡಿಲೀಟ್ ಮಾಡಿ ರಿಫ್ರೆಶ್ ಕೊಡಿ, ಲಾಗೌಟ್ ಆಗಿರ್ತೀರ. ಲಾಗಿನ್ ಸರಿಯಾದ ತಕ್ಷಣ ಸೆಷನ್_ರಿಜನರೇಟ್_ಐಡಿ ಕರೆದು ನಂಬರ್ ಬದಲಾಯ್ಸಿ, ಹಳೇ ನಂಬರ್ ಯಾರ ಕೈಲಾದ್ರೂ ಇದ್ರೆ ಉಪಯೋಗಕ್ಕೆ ಬರ್ಬಾರ್ದು.

ಪಾಸ್‌ವರ್ಡ್‌ನ ಹಂಗೇ ಇಡ್ಬೇಡಿ, ಎಂಡಿ5 ಅನ್ನೋ ಹಳೇ ಹ್ಯಾಶ್‌ನಲ್ಲೂ ಬೇಡ (ಹ್ಯಾಶ್ ಅಂದ್ರೆ ಪಾಸ್‌ವರ್ಡ್‌ನಿಂದ ಮಾಡಿದ, ವಾಪಸ್ ಬಿಡಿಸೋಕಾಗದ ಗುರುತು). ಪಾಸ್‌ವರ್ಡ್_ಹ್ಯಾಶ್ ಅಂತ ಪಿಎಚ್‌ಪಿ 5.5ರಿಂದ ಇದೆ, ಚೆಕ್ ಮಾಡೋಕೆ ಪಾಸ್‌ವರ್ಡ್_ವೆರಿಫೈ. ಒಂದೇ ಪಾಸ್‌ವರ್ಡ್‌ನ ಎರಡ್ಸಲ ಹ್ಯಾಶ್ ಮಾಡಿ ನೋಡಿ, ಎರಡೂ ಬೇರೆ ಬೇರೆ ಬರತ್ತೆ, ಸಾಲ್ಟ್ ಅನ್ನೋ ರ‍್ಯಾಂಡಮ್ ಅಕ್ಷರಗಳು ಒಳಗೇ ಸೇರಿರತ್ತೆ. ಕಾಲಮ್ 255 ಅಕ್ಷರಕ್ಕೆ ಇಡಿ. ಪಾಸ್‌ವರ್ಡ್_ಹ್ಯಾಶ್ ಬಳಸೋ ಬಿಕ್ರಿಪ್ಟ್ ವಿಧಾನದ ಹ್ಯಾಶ್ 60 ಅಕ್ಷರ ಬರತ್ತೆ, 50 ಇಟ್ಟಿದ್ರೆ ಬಾಲ ಕಟ್ಟಾಗಿ ಸರಿ ಪಾಸ್‌ವರ್ಡ್ ಹಾಕಿದ್ರೂ ಲಾಗಿನ್ ಆಗಲ್ಲ, ಯಾಕೆ ಅಂತ ಹುಡುಕೋದ್ರಲ್ಲಿ ಲ್ಯಾಬ್ ಅವಧಿಯೇ ಮುಗ್ದಿರತ್ತೆ.

ಲಾಗಿನ್ ಮಾಡ್ಸಿದ್ರೆ ಕೆಲಸ ಮುಗೀಲಿಲ್ಲ. ಸದಸ್ಯ 12 ತನ್ನ ಬಿಲ್ ನೋಡ್ತಾ ಅಡ್ರೆಸ್ ಬಾರ್‌ನಲ್ಲಿರೋ 12ನ 13 ಮಾಡಿದ್ರೆ ಪಕ್ಕದ್ಮನೆಯವರ ಬಿಲ್ ಬರತ್ತಾ? ಬಂದ್ರೆ ನಿಮ್ ಆ್ಯಪ್‌ನಲ್ಲಿ ತೂತಿದೆ. ಲಾಗಿನ್ ಆಗಿದಾರಾ ಅನ್ನೋದು ಒಂದ್ ಪ್ರಶ್ನೆ, ಇದನ್ನ ನೋಡೋ ಹಕ್ಕು ಇದ್ಯಾ ಅನ್ನೋದು ಇನ್ನೊಂದು. ವೆಬ್ ಸುರಕ್ಷತೆ ಬಗ್ಗೆ ಕೆಲಸ ಮಾಡೋ ಓವಾಸ್ಪ್ ಸಂಸ್ಥೆಯವರ 2021ರ ಟಾಪ್ 10 ಪಟ್ಟಿಯಲ್ಲಿ ಮೊದಲನೇ ಸ್ಥಾನ ಈ ಥರದ ತಪ್ಪಿಗೇನೇ. ಸದಸ್ಯನ ನಂಬರನ್ನ ಅಡ್ರೆಸ್ ಬಾರ್‌ನಿಂದ ತಗೋಬೇಡಿ, ಸೆಷನ್‌ನಿಂದ ತಗೊಳಿ.

ಹೆಜ್ಜೆ 6: ಕನ್ನಡದಲ್ಲಿ ಹೆಸರು ಹಾಕಿ ನೋಡಿ

ಇಂಗ್ಲಿಷ್‌ನಲ್ಲೇ ಟೆಸ್ಟ್ ಮಾಡೋರಿಗೆ ಇದು ಗೊತ್ತೇ ಆಗಲ್ಲ. ಸದಸ್ಯರ ಹೆಸರು "ಕೃಷ್ಣಪ್ಪ" ಅಂತ ಕನ್ನಡದಲ್ಲಿ ಹಾಕಿ ಸೇವ್ ಮಾಡಿ. ಟೇಬಲ್ ಲ್ಯಾಟಿನ್1 ಅನ್ನೋ, ಕನ್ನಡ ಹಿಡಿಯದ ಅಕ್ಷರ ಸೆಟ್‌ನಲ್ಲಿದ್ರೆ ಎರರ್ ಬರತ್ತೆ, ಇಲ್ಲಾಂದ್ರೆ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಹಂಗೆ ಸೇವ್ ಆದ್ಮೇಲೆ ಆ ಹೆಸರು ಹೋಯ್ತು, ಸೆಟ್ಟಿಂಗ್ ಬದಲಾಯ್ಸಿದ್ರೂ ವಾಪಸ್ ಬರಲ್ಲ. ಡೇಟಾಬೇಸ್, ಟೇಬಲ್, ಪಿಡಿಓ ಕನೆಕ್ಷನ್ ಮೂರೂ ಕಡೆ ಎಲ್ಲಾ ಭಾಷೆ ಅಕ್ಷರನೂ ಹಿಡಿಯೋ ಯುಟಿಎಫ್8ಎಂಬಿ4 ಇಡಿ, ಪೇಜಲ್ಲಿ ಮೆಟಾ ಚಾರ್‌ಸೆಟ್ ಯುಟಿಎಫ್-8 ಇಡಿ. ಮೈಎಸ್‌ಕ್ಯೂಎಲ್‌ನ ಹಳೇ ಯುಟಿಎಫ್8 ಒಂದು ಅಕ್ಷರಕ್ಕೆ ಮೂರೇ ಬೈಟ್ ಕೊಡೋದು. ಕನ್ನಡಕ್ಕೆ ಅದು ಸಾಕು, ಆದ್ರೆ ಯಾರೋ ಎಮೋಜಿ ಹಾಕಿದ್ರೆ ನಾಲ್ಕು ಬೈಟ್ ಬೇಕು, ಅಲ್ಲಿ ಕೈ ಕೊಡತ್ತೆ.

ಉದ್ದ ಅಳೆಯೋದೂ ಅಷ್ಟೆ. "ಕನ್ನಡ" ಅನ್ನೋ ಪದಕ್ಕೆ ಎಸ್‌ಟಿಆರ್‌ಲೆನ್ ಹಾಕಿದ್ರೆ 15 ಅಂತ ಬರತ್ತೆ, ಎಂಬಿ_ಎಸ್‌ಟಿಆರ್‌ಲೆನ್ ಹಾಕಿದ್ರೆ 5, ನಮ್ ಕಣ್ಣಿಗೆ ಕಾಣೋದು ಮೂರೇ ಅಕ್ಷರ. ಮೊದಲನೇದು ಬೈಟ್ ಎಣಿಸ್ತು, ಎರಡನೇದು ಕ, ನ, ಹಲಂತ, ನ, ಡ ಅಂತ ಎಣಿಸ್ತು. ಹೆಸರು 20 ಅಕ್ಷರದೊಳಗಿರ್ಬೇಕು ಅಂತ ಎಸ್‌ಟಿಆರ್‌ಲೆನ್‌ನಲ್ಲಿ ಚೆಕ್ ಇಟ್ರೆ ಕೃಷ್ಣಪ್ಪನ ಹೆಸರು ಒಳಗೇ ಬರಲ್ಲ, ಅದು 24 ಬೈಟ್.

ಮತ್ತೆ ಹೆಸರನ್ನ ಪೇಜಲ್ಲಿ ತೋರ್ಸುವಾಗ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ (ಟ್ಯಾಗ್ ಚಿಹ್ನೆಗಳನ್ನ ಬರೀ ಅಕ್ಷರ ಮಾಡೋ ಫಂಕ್ಷನ್) ಮೂಲಕಾನೇ ತೋರ್ಸಿ. ಯಾರೋ ಹೆಸರಿನ ಜಾಗದಲ್ಲಿ ಸ್ಕ್ರಿಪ್ಟ್ ಟ್ಯಾಗ್ ಹಾಕಿದ್ರೆ ಅದು ಸೆಕ್ರೆಟರಿಯ ಬ್ರೌಸರ್‌ನಲ್ಲಿ ಓಡ್ಬಾರ್ದು.

ಹೆಜ್ಜೆ 7: ಹೊರಗಿನ ಸರ್ವರ್‌ಗೆ ಹಾಕಿ

ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಹೊರಗೆ ಓಡಲ್ಲ ಅನ್ನೋದಕ್ಕೆ ಕಾರಣಗಳು ಹೆಚ್ಚುಕಮ್ಮಿ ಇವೇ ಇರತ್ತೆ. ಹೊರಗಿನ ಸರ್ವರ್‌ಗಳು ಹೆಚ್ಚಾಗಿ ಲಿನಕ್ಸ್, ಅಲ್ಲಿ ಫೈಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ವಿಂಡೋಸ್‌ನಲ್ಲಿ ನಡೀತಿದ್ದ ಲಿಂಕ್ ಅಲ್ಲಿ 404. ಪಿಎಚ್‌ಪಿ ಟ್ಯಾಗ್‌ಗೆ ಮುಂಚೆ ಒಂದು ಖಾಲಿ ಸಾಲಿದ್ರೂ ಹೆಡರ್ಸ್ ಆಲ್‌ರೆಡಿ ಸೆಂಟ್ ಅಂತ ಬೈಯತ್ತೆ, ಲ್ಯಾಪ್‌ಟಾಪ್‌ನಲ್ಲಿ ಔಟ್‌ಪುಟ್ ಬಫರಿಂಗ್ (ಔಟ್‌ಪುಟ್ ಕೂಡಿಟ್ಕೊಂಡು ಆಮೇಲೆ ಕಳ್ಸೋದು) ಆನ್ ಇದ್ರೆ ಇದು ಅಡಗಿ ಕೂತಿರತ್ತೆ. ಡೇಟಾಬೇಸ್ ಯೂಸರ್ ರೂಟ್, ಪಾಸ್‌ವರ್ಡ್ ಖಾಲಿ ಅನ್ನೋದು ಎಕ್ಸಾಂಪ್‌ನಲ್ಲಿ ಮಾತ್ರ. ಆ ವಿವರನ ಬೇರೆ ಫೈಲಲ್ಲಿ ಇಟ್ಟು, ಗಿಟ್‌ಹಬ್‌ಗೆ ಹಾಕೋಕೆ ಮುಂಚೆ ಗಿಟ್‌ಇಗ್ನೋರ್‌ನಲ್ಲಿ (ಹೊರಗೆ ಕಳಿಸ್ಬಾರ್ದ ಫೈಲ್‌ಗಳ ಪಟ್ಟಿ) ಸೇರ್ಸಿ. ಡಿಸ್‌ಪ್ಲೇ ಎರರ್ಸ್ ಆಫ್ ಮಾಡಿ, ಎರರ್ ಲಾಗ್ ಆನ್ ಮಾಡಿ.

ಇದ್ರಲ್ಲಿ ನನಗೆ ತುಂಬಾ ಇಷ್ಟ ಆಗೋದು ಟೈಮ್ ಝೋನ್ ತಮಾಷೆ. ಎಕ್ಸಾಂಪ್‌ನ ಪಿಎಚ್‌ಪಿ ಸೆಟ್ಟಿಂಗ್‌ನಲ್ಲಿ ಬರ್ಲಿನ್ ಟೈಮ್ ಇಟ್ಟಿರ್ತಾರೆ. ಬೆಳಿಗ್ಗೆ 5 ಗಂಟೆಗೆ ಹಾಲು ಅಳೆದು ಎಂಟ್ರಿ ಮಾಡಿದ್ರೆ ಗಂಟೆ ತಪ್ಪಿರತ್ತೆ, ತಾರೀಖು ಸರಿ ಇರತ್ತೆ, ಹಾಗಾಗಿ ಯಾರೂ ಗಮನಿಸಲ್ಲ. ಅದೇ ಕೋಡ್ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಟೈಮ್) ಇಟ್ಕೊಂಡಿರೋ ಸರ್ವರ್‌ಗೆ ಹೋಯ್ತು ಅಂದ್ಕೊಳಿ, ನಮ್ 5 ಗಂಟೆ ಅಲ್ಲಿ ಹಿಂದಿನ್ ದಿನದ ರಾತ್ರಿ 11:30, ಐದೂವರೆಗೆ ಮುಂಚೆ ಹಾಕಿದ ಬೆಳಗಿನ ಹಾಲೆಲ್ಲಾ ನೆನ್ನೆ ಲೆಕ್ಕಕ್ಕೆ ಹೋಗತ್ತೆ. ಸಂಜೆ ಹಾಲು ಮಾತ್ರ ಸರಿಯಾದ ದಿನಕ್ಕೆ! ಏಷ್ಯಾ/ಕೋಲ್ಕತಾ ಅಂತ ಕೋಡ್ ಶುರುವಲ್ಲೇ ಸೆಟ್ ಮಾಡಿ, ಡೇಟಾಬೇಸ್‌ನಲ್ಲಿ ಈಗಿನ ಸಮಯ ಕೊಡೋ ನೌ ಫಂಕ್ಷನ್ ಬಳಸ್ತಿದ್ರೆ ಅದರ ಟೈಮ್ ಝೋನೂ ಬೇರೆಯಾಗಿ ಸೆಟ್ ಮಾಡಿ.

ವೈವಾ, ಆಮೇಲೆ

ಡೆಮೋ ದಿನಕ್ಕೆ ಮುಂಚೆ ಪಕ್ಕದ ಬೆಂಚಿನವರಿಗೆ ಲಿಂಕ್ ಕೊಟ್ಟು ಹಾಳ್ ಮಾಡಿ ನೋಡೋಣ ಅಂತ ಹೇಳಿ, ಅವ್ರು ಖುಷಿಯಿಂದ ಮಾಡ್ತಾರೆ. ಎಐ ಹತ್ರ ಕೋಡ್ ಬರ್ಸಿದ್ರೆ ಅದು ನಿಮ್ ಇಷ್ಟ, ಆದ್ರೆ ಪ್ರತಿ ಸಾಲಿಗೂ ಇದು ಎಲ್ಲಿ ಓಡತ್ತೆ, ಬ್ರೌಸರ್‌ನಲ್ಲೋ ಸರ್ವರ್‌ನಲ್ಲೋ ಡೇಟಾಬೇಸ್‌ನಲ್ಲೋ ಅಂತ ಹೇಳೋಕೆ ಬರ್ಬೇಕು, ಬರ್ಲಿಲ್ಲ ಅಂದ್ರೆ ಆ ಸಾಲು ಅಳ್ಸಿ ನೀವೇ ಬರೀರಿ.

ಸೆಮಿಸ್ಟರ್ ಮುಗಿದ್ಮೇಲೆ ರಜೆಯಲ್ಲಿ ಇದೇ ಡೈರಿ ಲೆಕ್ಕನ ಪಿಎಚ್‌ಪಿ ಫ್ರೇಮ್‌ವರ್ಕ್ ಆದ ಲಾರಾವೆಲ್‌ನಲ್ಲೋ ಜಾಂಗೋನಲ್ಲೋ ಮತ್ತೆ ಮಾಡಿ, ಹೊಸ ಪ್ರಾಜೆಕ್ಟ್ ಹುಡುಕ್ಬೇಡಿ. ಜಾಂಗೋನಲ್ಲಿ ಫಾರ್ಮ್ ಬರೆದು ಪೋಸ್ಟ್ ಮಾಡಿದ ತಕ್ಷಣ 403 ಕೊಟ್ಟು ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮ್ ನಿಮ್ ಸೈಟಿಂದಾನೇ ಬಂತು ಅನ್ನೋ ಗುರುತು) ಎಲ್ಲಿ ಅಂತ ಕೇಳತ್ತೆ. ಪಿಎಚ್‌ಪಿನಲ್ಲಿ ಆ ಚೆಕ್ ನೀವು ಹಾಕೇ ಇರ್ಲಿಲ್ಲ ಅಲ್ವಾ, ಬೇರೆ ಯಾವ್ದೋ ಸೈಟಲ್ಲಿರೋ ಫಾರ್ಮ್ ನಿಮ್ ಸೆಕ್ರೆಟರಿಯ ಲಾಗಿನ್ ಬಳಸ್ಕೊಂಡು ಎಂಟ್ರಿ ಹಾಕ್ಬಹುದಾಗಿತ್ತು. ವಾಪಸ್ ಹೋಗಿ ಹಳೇ ಕೋಡಲ್ಲಿ ಸೆಷನ್‌ನಲ್ಲಿ ಒಂದು ರ‍್ಯಾಂಡಮ್ ಟೋಕನ್ ಇಟ್ಟು, ಫಾರ್ಮ್‌ನ ಹಿಡನ್ ಫೀಲ್ಡ್‌ನಲ್ಲಿ ಕಳ್ಸಿ, ಬಂದಾಗ ಎರಡೂ ಒಂದೇನಾ ಅಂತ ನೋಡೋ ಚೆಕ್ ಸೇರ್ಸಿ.